ಪಾತ್ರೆ ತೊಳೆಯುವ ಯಂತ್ರ ಸೋರಿದಾಗ

ಹಾವೇರಿ ಜಿಲ್ಲೆಯ ಓದುಗರಾದ ತಾಯಿಯೊಬ್ಬರು ಈಚೆಗೆ ನಮಗೊಂದು ದೀರ್ಘವಾದ ಪತ್ರ ಬರೆದಿದ್ದರು. ಅವರು ವರ್ಷದಲ್ಲಿ ಆರು ತಿಂಗಳು ಬೆಂಗಳೂರಿನಲ್ಲಿ ಮಗನ ಮನೆಯಲ್ಲಿರುತ್ತಾರೆ. ಆ ಮನೆಯಲ್ಲಿ ಪಾತ್ರೆ ತೊಳೆಯುವ ಯಂತ್ರವೊಂದಿದೆ, ಅದು ಸೋರುತ್ತದೆ. ದಿನ ಬಿಟ್ಟು ದಿನ ಅಡುಗೆಮನೆಯ ನೆಲದ ಮೇಲೆ ನೀರು ನಿಲ್ಲುತ್ತದೆ. ಒಂದು ಬೆಳಗಿನ ಜಾವ ಅವರ ಯಜಮಾನರು, 78 ವರ್ಷದ ಹಿರಿಯರು, ಆ ನೀರಿನ ಮೇಲೆ ಕಾಲಿಟ್ಟು ಜಾರಿ ಬಿದ್ದು ಮಣಿಕಟ್ಟಿಗೆ ಪೆಟ್ಟು ಮಾಡಿಕೊಂಡರು. ಯಂತ್ರದ ಬಾಗಿಲನ್ನು ಸರಿಯಾಗಿ ಮುಚ್ಚಿಲ್ಲವೆಂದು ಮನೆಗೆಲಸದ ಹೆಣ್ಣುಮಗಳ ಮೇಲೆ ಅಪವಾದ ಬಂದು, ಆಕೆಯ ಆ ತಿಂಗಳ ಪಗಾರದಲ್ಲಿ 500 ರೂಪಾಯಿ ಮುರಿದುಕೊಳ್ಳಲಾಯಿತು. ದುರಸ್ತಿಗೆ ಬಂದವರು ಹತ್ತು ನಿಮಿಷ ನೋಡಿ, ಒಳಗಿನ ಪಂಪನ್ನೇ ಬದಲಿಸಬೇಕೆಂದು ಹೇಳಿ ಹೋದರು. ಮಗ ಯಂತ್ರವನ್ನು ಮಾರಿಬಿಡೋಣವೆನ್ನುತ್ತಾನೆ. ಸೊಸೆ ಕಣ್ಣೀರು ಹಾಕುತ್ತಾಳೆ. ‘ಇದಕ್ಕೆ ಮನೆಯಲ್ಲಿಯೇ ಏನಾದರೂ ಉಪಾಯವಿದೆಯೇ, ತಾವು ಬರೆಯಬೇಕು’ ಎಂಬುದು ಆ ತಾಯಿಯ ಕೋರಿಕೆ.

ಗೃಹಸ್ಥರ ಅಂಕಣದಲ್ಲಿ ಯಂತ್ರದ ಸಮಾಚಾರವೇಕೆಂದು ಕೆಲವರು ಹುಬ್ಬೇರಿಸಬಹುದು. ಮುಸುರೆ ಪಾತ್ರೆ ಯಾವ ಮನೆಗೂ ತಪ್ಪಿದ್ದಲ್ಲ. ನಾವು ಮಠದ ಪ್ರಸಾದನಿಲಯದಲ್ಲಿ ಓದುತ್ತಿದ್ದ ಕಾಲದಲ್ಲಿ ಬೂದಿ, ಹುಣಸೆಯ ಹಿಂಡಿ, ತೆಂಗಿನ ನಾರು ಇವೇ ನಮ್ಮ ಸಾಧನಗಳಾಗಿದ್ದವು. ನೂರಾರು ತಾಟುಗಳನ್ನು ಉಜ್ಜಿ ತೊಳೆದ ಕೈಗಳು ಇವು. ಇಂದು ಕಾಲ ಬೇರೆಯಾಗಿದೆ. 2020ರಲ್ಲಿ ಲಾಕ್‌ಡೌನ್ ಆಗಿ ಕೆಲಸದವರು ಬರಲಾಗದೆ ಹೋದಾಗ ನಗರದ ಅನೇಕ ಮನೆಗಳು ಈ ಯಂತ್ರವನ್ನು ಕೊಂಡವು. ಅತ್ತೆ ಸೊಸೆಯರಿಬ್ಬರೂ ಉದ್ಯೋಗಕ್ಕೆ ಹೋಗುವ ಮನೆಗಳಲ್ಲಿ ಅದು ಭೋಗವಸ್ತುವೆಂದು ನಾವು ಹೇಳಲಾರೆವು. ಆದರೆ ಕೊಂಡವರಲ್ಲಿ ಬಹುಮಂದಿಗೆ ಅದರ ಒಳಗಿನ ವ್ಯಾಪಾರ ತಿಳಿಯದು. ತಿಳಿಯದ ಕಡೆ ದೋಷವು ಯಂತ್ರದ ಮೇಲಲ್ಲ, ಮನೆಯಲ್ಲಿ ಮಾತನಾಡಲಾರದವರ ಮೇಲೆ ಬೀಳುತ್ತದೆ.

ಈ ಯಂತ್ರದ ಹುಟ್ಟೂ ಒಂದು ಅಡುಗೆಮನೆಯ ಅಸಮಾಧಾನದಿಂದಲೇ ಆದದ್ದು. ಅಮೆರಿಕದಲ್ಲಿ 1850ರಷ್ಟು ಹಿಂದೆಯೇ ಜೋಯೆಲ್ ಹೌಟನ್ ಎಂಬವರು ಕೈಯಿಂದ ತಿರುಗಿಸುವ ಮರದ ಯಂತ್ರವೊಂದಕ್ಕೆ ಪೇಟೆಂಟ್ ಪಡೆದಿದ್ದರು. ಅದು ಪಾತ್ರೆಗಳ ಮೇಲೆ ನೀರು ಚೆಲ್ಲುತ್ತಿತ್ತೇ ಹೊರತು ತೊಳೆಯುತ್ತಿರಲಿಲ್ಲ. ಇಲಿನಾಯ್ ಪ್ರಾಂತದ ಶೆಲ್ಬಿವಿಲ್ ಎಂಬ ಊರಿನ ಗೃಹಿಣಿ ಜೋಸೆಫೀನ್ ಕಾಕ್ರೇನ್ ಅವರ ಬೆಲೆಬಾಳುವ ಪಿಂಗಾಣಿ ತಟ್ಟೆಗಳು ಆಳುಗಳ ಕೈಯಲ್ಲಿ ಅಂಚು ಒಡೆಯುತ್ತಿದ್ದವು. 1883ರಲ್ಲಿ ಪತಿ ತೀರಿಕೊಂಡು ಸಾಲ ಉಳಿದಾಗ ಆಕೆ ತಮ್ಮ ಯೋಚನೆಯನ್ನೇ ಜೀವನೋಪಾಯ ಮಾಡಿಕೊಂಡರು. ತಟ್ಟೆಗಳನ್ನು ತಂತಿಯ ಗೂಡುಗಳಲ್ಲಿ ನಿಲ್ಲಿಸಿ, ಉಜ್ಜದೆಯೇ, ಸಾಬೂನಿನ ಬಿಸಿನೀರನ್ನು ಒತ್ತಡದಿಂದ ಅವುಗಳ ಮೇಲೆ ಹಾಯಿಸುವ ಆ ಯಂತ್ರಕ್ಕೆ 1886ರ ಡಿಸೆಂಬರ್ 28ರಂದು ಪೇಟೆಂಟ್ ದೊರೆಯಿತು. 1893ರ ಷಿಕಾಗೋ ಮಹಾಪ್ರದರ್ಶನದಲ್ಲಿ ಅದನ್ನು ಜನ ನೋಡಿದರು. ಸ್ವಾಮಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನವು ಅದೇ ಪ್ರದರ್ಶನದ ಅಂಗವಾಗಿ ನಡೆದುದೆಂಬುದನ್ನು ಓದುಗರು ಬಲ್ಲರು.

ಇಂದಿನ ಯಂತ್ರವೂ ಅದೇ ತತ್ತ್ವದ ಮೇಲೆ ನಡೆಯುತ್ತದೆ. ಅದು ಹಂಡೆಯಂತೆ ನೀರು ತುಂಬಿಕೊಳ್ಳುತ್ತದೆಂದು ಬಹುಜನರ ಭಾವನೆ, ಹಾಗಲ್ಲ. ತಳದ ತಗ್ಗಿನಲ್ಲಿ ಕೆಲವೇ ಲೀಟರ್ ನೀರು ನಿಲ್ಲುತ್ತದೆ. ಪಂಪು ಅದೇ ನೀರನ್ನು ಎತ್ತಿ, ತೂತುಗಳುಳ್ಳ ಎರಡು ತಿರುಗುವ ತೋಳುಗಳ ಮೂಲಕ ಮೇಲಕ್ಕೆ ಎರಚುತ್ತದೆ. ಎರಚಿದ್ದು ಮತ್ತೆ ತಳಕ್ಕೆ ಇಳಿದು, ಜಾಲರಿಯಲ್ಲಿ ಸೋಸಿ, ಪುನಃ ಮೇಲೇರುತ್ತದೆ. ಕೊಳೆಯಾದ ನೀರನ್ನು ಹೊರಗೆ ಹಾಕಿ ಹೊಸ ನೀರನ್ನು ತೆಗೆದುಕೊಳ್ಳುವುದು ಮೂರು ನಾಲ್ಕು ಬಾರಿ ಮಾತ್ರ. ಒಂದು ಸರದಿಗೆ ಒಟ್ಟು 10ರಿಂದ 15 ಲೀಟರ್ ನೀರು ಸಾಲುತ್ತದೆ. ಇದರಿಂದ ತಿಳಿಯತಕ್ಕ ಮುಖ್ಯ ಸಂಗತಿಯೆಂದರೆ, ನಿಂತ ನೀರಿನ ಮಟ್ಟವು ಬಾಗಿಲಿನ ಕೆಳ ಅಂಚಿಗಿಂತ ಸಾಕಷ್ಟು ಕೆಳಗಿರುತ್ತದೆ. ಹೀಗಿದ್ದೂ ಬಾಗಿಲಿನಿಂದ ನೀರು ಬಂದಿತೆಂದರೆ ಏನೋ ಒಂದು ಅದನ್ನು ಅಲ್ಲಿಯವರೆಗೆ ತಂದಿದೆ. ಆ ಏನೋ ಒಂದನ್ನು ಹುಡುಕುವುದೇ ನಮ್ಮ ಕೆಲಸ.

ಹುಡುಕುವ ಮೊದಲು ಪ್ರಾಣರಕ್ಷಣೆಯ ಮಾತು. ನೆಲ ಒದ್ದೆಯಾಗಿರುವಾಗ ಬರಿಗಾಲಿನಲ್ಲಿ ಹೋಗಿ ಯಂತ್ರವನ್ನು ಮುಟ್ಟಲೇಬಾರದು. ಯಂತ್ರದ ಮೇಲಿನ ಗುಂಡಿ ಒತ್ತಿ ನಿಲ್ಲಿಸಿದರೆ ವಿದ್ಯುತ್ತು ನಿಂತಂತಲ್ಲ. ಗೋಡೆಯ ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕಿತ್ತಿಡಬೇಕು. ಪ್ಲಗ್ಗು ಯಂತ್ರದ ಹಿಂದೆ ನೀರು ತಾಗುವ ಜಾಗದಲ್ಲಿದ್ದರೆ ಅದರ ಗೊಡವೆಗೆ ಹೋಗದೆ ಮನೆಯ ಮುಖ್ಯ ಫಲಕದಲ್ಲಿಯೇ ವಿದ್ಯುತ್ತನ್ನು ಕಡಿದು, ಆಮೇಲೆ ನೆಲ ಒರೆಸಬೇಕು. ಸೋರುವ ವಿದ್ಯುತ್ತು 30 ಮಿಲಿ ಆಂಪಿಯರ್ ಆದೊಡನೆ ತಾನಾಗಿ ಕಡಿದುಬಿಡುವ ಆರ್‌ಸಿಸಿಬಿ ಎಂಬ ರಕ್ಷಕವು ಫಲಕದಲ್ಲಿ ಇದೆಯೇ ಎಂದು ವಿದ್ಯುತ್ ಕೆಲಸದವರಿಂದ ನೋಡಿಸಿಕೊಳ್ಳುವುದು ಲೇಸು. ಹಳೆಯ ಮನೆಗಳಲ್ಲಿ ಎಷ್ಟೋ ಕಡೆ ಅದು ಇರುವುದಿಲ್ಲ. ಅದರ ಮೇಲಿನ ಪರೀಕ್ಷಾಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಇನ್ನೊಂದು, ನಡುವೆ ನಿಲ್ಲಿಸಿದ ಯಂತ್ರದೊಳಗಿನ ನೀರು ಕೈ ಸುಡುವಷ್ಟು ಬಿಸಿಯಿರಬಹುದು; ಆರುವವರೆಗೆ ಕಾಯಬೇಕು. ನೀರಿನ ನಲ್ಲಿಯನ್ನೂ ಮುಚ್ಚಬೇಕು.

ರೋಗಿಯ ನಾಡಿ ಹಿಡಿಯುವ ವೈದ್ಯರು ಮೊದಲು ಕೇಳುವುದು ‘ಯಾವಾಗ ನೋವು?’ ಎಂದು. ಇಲ್ಲಿಯೂ ಹಾಗೆಯೇ. ಯಂತ್ರ ನಿಂತಿರುವಾಗಲೂ ನೀರು ಬರುತ್ತಿದ್ದರೆ ದೋಷವು ನಲ್ಲಿ, ಒಳಬರುವ ಕೊಳವೆ ಇಲ್ಲವೆ ನೀರು ಬಿಡುವ ಕವಾಟದಲ್ಲಿ. ತೊಳೆಯುತ್ತಿರುವಾಗ ಮಾತ್ರ ಬಂದರೆ ಬಾಗಿಲು, ತೋಳುಗಳು, ತಳ, ಪಂಪು. ಕೊಳೆನೀರನ್ನು ಗುಡುಗುಡು ಶಬ್ದದಿಂದ ಹೊರಹಾಕುವ ಹೊತ್ತಿನಲ್ಲಿ ಬಂದರೆ ಹೊರಹೋಗುವ ಕೊಳವೆ. ಎರಡನೆಯ ಪ್ರಶ್ನೆ ‘ಎಂಥ ನೀರು?’ ಎಂಬುದು. ತಣ್ಣಗೆ, ತಿಳಿಯಾಗಿ, ಜಿಡ್ಡಿಲ್ಲದೆ ಇದ್ದರೆ ಅದು ಇನ್ನೂ ಯಂತ್ರವನ್ನು ಹೊಗದ ನೀರು. ಜಿಡ್ಡು, ನೊರೆ, ಸಾಬೂನಿನ ವಾಸನೆ ಇದ್ದರೆ ಒಳಗೆ ಹೋಗಿ ಬಂದ ನೀರು. ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅರ್ಧ ರೋಗ ಗೊತ್ತಾದಂತೆಯೇ.

ಉತ್ತರ ಪಡೆಯಲು ಹಳೆಯ ದಿನಪತ್ರಿಕೆಯ ಹಾಳೆಗಳು ಸಾಕು. (ನಮ್ಮ ಮಾಸಪತ್ರಿಕೆಯ ಹಾಳೆಗಳನ್ನು ದಯವಿಟ್ಟು ಬಿಡಬೇಕು, ಅವುಗಳ ಕಾಗದ ನೀರು ಹೀರದು.) ನೆಲವನ್ನು ಪೂರ್ತಿ ಒಣಗಿಸಿ, ಯಂತ್ರದ ಮುಂದೆ, ಎರಡು ಬದಿಗಳಲ್ಲಿ, ಸಾಧ್ಯವಾದಷ್ಟು ತಳದಲ್ಲಿ, ಹಿಂದೆ ಕೊಳವೆಗಳ ಕೆಳಗೆ ಒಂದೊಂದು ಹಾಳೆ ಹಾಸಬೇಕು. ಪ್ಲಗ್ಗಿನ ಹತ್ತಿರ ಕಾಗದ ತಾಗಬಾರದು. ಪಾತ್ರೆಯನ್ನೂ ಸಾಬೂನನ್ನೂ ಹಾಕದೆ ಯಂತ್ರವನ್ನು ಚಿಕ್ಕ ಸರದಿಯಲ್ಲಿ ನಡೆಸಿ, ಹತ್ತು ನಿಮಿಷಕ್ಕೊಮ್ಮೆ ನೋಡುತ್ತ ಮೊದಲು ಒದ್ದೆಯಾದ ಹಾಳೆ ಯಾವುದೆಂದು ಗುರುತಿಸಬೇಕು. ಮೊದಲು ಒದ್ದೆಯಾದದ್ದು ಎಂಬ ಮಾತನ್ನು ಒತ್ತಿ ಹೇಳುತ್ತೇವೆ. ನೀರು ಇಳಿಜಾರು ಹಿಡಿದು ಹೋಗುವುದರಿಂದ ಹಿಂದಿನ ಕೊಳವೆಯ ಸೋರಿಕೆ ಮುಂದಿನ ಬಾಗಿಲ ಕೆಳಗೆ ಕೆರೆ ಕಟ್ಟಬಹುದು. ನೀರು ಕಂಡ ಜಾಗವೇ ನೀರು ಹುಟ್ಟಿದ ಜಾಗವೆಂದು ನಂಬಿದವರು ಕೆಟ್ಟರು. ಬಾಗಿಲು ತೆರೆದಾಗ ಹಬೆ ತಣಿದು ಅಡುಗೆಕಟ್ಟೆಯ ಕಲ್ಲಿನ ಅಡಿಯಿಂದ ತೊಟ್ಟಿಕ್ಕುವ ನಾಲ್ಕು ಹನಿಗಳು ಸೋರಿಕೆಯಲ್ಲವೆಂಬುದನ್ನೂ ನೆನಪಿಡಬೇಕು.

ಈಗ ಬಾಗಿಲು. ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ಟನ್ನು ಬಲ್ಲ ತಾಯಂದಿರಿಗೆ ಈ ವಿಷಯವನ್ನು ವಿವರಿಸಬೇಕಾದುದಿಲ್ಲ. ಯಂತ್ರದ ಬಾಯಿಯ ಮೇಲೂ ಎರಡು ಪಕ್ಕಗಳಲ್ಲೂ ಮೆತ್ತನೆಯ ರಬ್ಬರ್ ಪಟ್ಟಿಯೊಂದು ಕಾಲುವೆಯೊಳಗೆ ಕೂತಿರುತ್ತದೆ. ಬಾಗಿಲಿನ ಕೆಳ ಅಂಚಿಗೆ ಬೇರೊಂದು ಪಟ್ಟಿ ಇರುತ್ತದೆ. ಕೆಳಗಿನ ಪಟ್ಟಿ ಕಣ್ಣಿಗೆ ಬೀಳುವುದಿಲ್ಲ, ಕೈಗೂ ಬೀಳುವುದಿಲ್ಲ. ಆದುದರಿಂದ ಅಲ್ಲಿ ತಿಂಗಳುಗಟ್ಟಲೆ ಜಿಡ್ಡು, ಅನ್ನದ ಅಗುಳು, ಒಗ್ಗರಣೆಯ ಸಾಸಿವೆ ಕೂತು ಗಟ್ಟಿಯಾಗಿರುತ್ತವೆ. ಒಂದು ಸಾಸಿವೆ ಕಾಳು ಪಟ್ಟಿಯನ್ನು ಬಾಗಿಲಿನಿಂದ ಕೂದಲೆಳೆಯಷ್ಟು ದೂರ ಹಿಡಿದರೆ ನೀರಿಗೆ ದಾರಿಯಾಯಿತು. ಬಿಸಿನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಪಟ್ಟಿಯ ಮಡಿಕೆಗಳನ್ನು ಬಿಡಿಸಿ ಒರೆಸಬೇಕು. ಚಾಕುವಿನ ಮೊನೆ ತಾಗಿಸಬಾರದು. ಒರೆಸಿದ ಮೇಲೆ ಬೆರಳಿನಿಂದ ಒತ್ತಿ ನೋಡಬೇಕು: ಒತ್ತಿದ್ದು ಹಿಂದಕ್ಕೆ ಬಂದರೆ ಜೀವವಿದೆ; ಕಲ್ಲಿನಂತೆ ಗಟ್ಟಿಯಾಗಿ, ಬಿರುಕು ಬಿಟ್ಟು, ಮೂಲೆಯಲ್ಲಿ ಕಾಲುವೆಯಿಂದ ಹೊರಗೆ ಬಂದಿದ್ದರೆ ಅದರ ಕಾಲ ಮುಗಿದಿದೆ. ಹೊಸ ಪಟ್ಟಿಯನ್ನು ಯಂತ್ರದ ಮಾದರಿ ಸಂಖ್ಯೆ ಹೇಳಿಯೇ ತರಿಸಬೇಕು. ಆ ಸಂಖ್ಯೆ ಸಾಮಾನ್ಯವಾಗಿ ಬಾಗಿಲಿನ ಒಳ ಅಂಚಿನಲ್ಲಿ ಅಚ್ಚಾಗಿರುತ್ತದೆ. ಹೆಚ್ಚಿನ ಮಾದರಿಗಳಲ್ಲಿ ಈ ಪಟ್ಟಿಗೆ ಮೊಳೆಯೂ ಇಲ್ಲ, ಅಂಟೂ ಇಲ್ಲ; ಹಳೆಯದನ್ನು ಎಳೆದು ತೆಗೆದು, ಕಾಲುವೆ ತೊಳೆದು, ಮೊದಲು ಮೂಲೆಗಳನ್ನು ಒತ್ತಿ ಆಮೇಲೆ ನಡುವಣ ಭಾಗವನ್ನು ಕೂರಿಸಿದರಾಯಿತು.

ಪಟ್ಟಿ ಚೆನ್ನಾಗಿದ್ದೂ ಬಾಗಿಲು ಸೋರುವುದುಂಟು. ನಮ್ಮ ನಾಡಿನ ಮನೆಗಳಲ್ಲಿ ಅದಕ್ಕೆ ಒಂದು ವಿಶೇಷ ಕಾರಣವಿದೆ. ಯಂತ್ರದ ಜೊತೆ ಬರುವ ಪುಸ್ತಿಕೆಗಳಲ್ಲಿ ಅದರ ಮೇಲೆ ಸಾಕಷ್ಟು ಒತ್ತು ಇರುವುದಿಲ್ಲ. ಅಡುಗೆಮನೆಯಲ್ಲಿ ಜಾಗವಿಲ್ಲದೆ ಯಂತ್ರವನ್ನು ಬಟ್ಟೆ ಒಗೆಯುವ ಹಿಂದಣ ಅಂಗಳದಲ್ಲಿ, ಯುಟಿಲಿಟಿ ಎಂದು ಈಗ ಕರೆಯುವ ಜಾಗದಲ್ಲಿ ಇಡುತ್ತೇವೆ. ಆ ನೆಲವನ್ನು ಗಾರೆಯವರು ನೀರು ಮೋರಿಗೆ ಹರಿಯಲೆಂದು ಬೇಕೆಂತಲೇ ಇಳಿಜಾರು ಮಾಡಿರುತ್ತಾರೆ. ಯಂತ್ರ ಮುಂದಕ್ಕೆ ಬಾಗಿತೆಂದರೆ ಎರಚಿದ ನೀರೆಲ್ಲ ತಳದ ತಗ್ಗಿಗೆ ಇಳಿಯುವ ಬದಲು ಬಾಗಿಲ ಅಂಚಿಗೆ ಬಂದು ಸೇರುತ್ತದೆ. ನಮ್ಮ ಮನೆಯ ಯಂತ್ರ ಮೊದಲ ವಾರದಿಂದಲೇ ಸೋರಿದ್ದು ಇದೇ ಕಾರಣಕ್ಕೆ. ಕೂರಿಸಲು ಬಂದವರು ಅದರ ಕಾಲುಗಳನ್ನು ಮುಟ್ಟಲೇ ಇಲ್ಲ. ಪರೀಕ್ಷೆ ಸುಲಭ. ಕೆಳಗಿನ ಗೂಡನ್ನು ಖಾಲಿ ಮಾಡಿ ಅರ್ಧ ಹೊರಕ್ಕೆಳೆದು ಬಿಟ್ಟರೆ ಅದು ನಿಂತಲ್ಲೇ ನಿಲ್ಲಬೇಕು. ತಾನಾಗಿ ಮುಂದಕ್ಕೆ ಉರುಳಿ ಬಂದರೆ ಯಂತ್ರ ಮುಂದಕ್ಕೆ ಬಾಗಿದೆ. ಇನ್ನೂ ನಿಖರವಾಗಿ ಬೇಕಾದರೆ ಗಾರೆಯವರ ರಸಮಟ್ಟವನ್ನು ಬಾಯಿಯ ಅಂಚಿನ ಮೇಲೆ, ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಬಹುದು. ಕೆಳಗೆ ತಿರುಪು ಕಾಲುಗಳಿರುತ್ತವೆ. ಒಬ್ಬರು ಯಂತ್ರವನ್ನು ತುಸು ಎತ್ತಿ ಹಿಡಿದರೆ ಇನ್ನೊಬ್ಬರು ಕಾಲನ್ನು ತಿರುವಿ ಎತ್ತರಿಸಬಹುದು. ಕಾಲಿನ ಕೆಳಗೆ ರಟ್ಟು, ಮರದ ಚಕ್ಕೆ ಇಡುವ ರೂಢಿಯನ್ನು ಬಿಡಬೇಕು. ಅವು ನೀರಿನಲ್ಲಿ ನೆನೆದು ಕುಸಿಯುತ್ತವೆ.

ಪಾತ್ರೆ ಜೋಡಿಸುವ ಕ್ರಮದಿಂದಲೂ ಬಾಗಿಲು ಸೋರೀತು. ನಮ್ಮ ಅಗಲವಾದ ಊಟದ ತಾಟುಗಳನ್ನು, ಬಾಣಲೆಯನ್ನು, ರೊಟ್ಟಿಯ ಹಿಟ್ಟು ನಾದುವ ಬೋಗುಣಿಯನ್ನು ಮುಂದಿನ ಸಾಲಿನಲ್ಲಿ ಓರೆಯಾಗಿ ಇಟ್ಟರೆ ಕೆಳಗಿನಿಂದ ಚಿಮ್ಮಿದ ನೀರು ಅವುಗಳಿಗೆ ಬಡಿದು ನೇರವಾಗಿ ಬಾಗಿಲ ಸಂದಿಗೆ ಹೋಗುತ್ತದೆ. ಸೌಟಿನ ಹಿಡಿ ಕೆಳಕ್ಕೆ ಇಳಿಬಿದ್ದು ತೋಳನ್ನು ತಡೆದರೆ ತೋಳು ತಿರುಗದೆ ಒಂದೇ ಕಡೆಗೆ ನೀರು ಬಡಿಯುತ್ತಿರುತ್ತದೆ. ಜೋಡಿಸಿದ ಮೇಲೆ ಎರಡೂ ತೋಳುಗಳನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿ ನೋಡುವುದು ಒಳ್ಳೆಯ ಅಭ್ಯಾಸ. ತೋಳನ್ನು ಬಿಡಿಸಿ ಬೆಳಕಿಗೆ ಹಿಡಿದು ಬೆಸುಗೆಯ ಗೆರೆಯುದ್ದಕ್ಕೂ ನೋಡಬೇಕು. ಅಲ್ಲಿ ಸೀಳಿದ್ದರೆ ನೀರು ಬರಬಾರದ ಕಡೆಗೆ ಚಿಮ್ಮುತ್ತದೆ, ಆ ತೋಳನ್ನು ಬದಲಿಸಬೇಕು. ಕೊಳವೆಬಾವಿಯ ಗಡಸು ನೀರಿನ ಊರುಗಳಲ್ಲಿ ತೋಳಿನ ತೂತುಗಳಲ್ಲಿ ಸುಣ್ಣ ಕಟ್ಟಿರುತ್ತದೆ. ಹುಲ್ಲಿನ ಕಡ್ಡಿಯಿಂದ ಅದನ್ನು ಬಿಡಿಸಬಹುದು.

ಇನ್ನು ನೊರೆ. ಹಾವೇರಿಯ ತಾಯಿಗೆ ನಾವು ಮರುಟಪಾಲಿನಲ್ಲಿ ಬರೆದು ಕೇಳಿದ್ದು ಈ ಎರಡೇ: ನೀರು ಯಾವಾಗ ಬರುತ್ತದೆ, ಎಂಥ ನೀರು. ಮೊದಲ ಅರ್ಧ ಗಂಟೆಯಲ್ಲಿ, ಬಿಳಿಯ ನೊರೆಯೊಡನೆ, ಬಾಗಿಲಿನ ಕೆಳಗಿನಿಂದ ಎಂದು ಅವರ ಉತ್ತರ ಬಂದಿತು. ಅದರ ಕೆಳಗೆ ಅವರೇ ಬಿಚ್ಚುಮನಸ್ಸಿನಿಂದ ಇನ್ನೊಂದು ಸಾಲು ಸೇರಿಸಿದ್ದರು. ಯಂತ್ರಕ್ಕೆ ಹಾಕುವ ಬಿಲ್ಲೆಗಳು ದುಬಾರಿಯೆಂದು, ಸೊಸೆ ಕಚೇರಿಗೆ ಹೋದ ಮೇಲೆ ದಿನ ಬಿಟ್ಟು ದಿನ, ಕೈಯಲ್ಲಿ ಪಾತ್ರೆ ತಿಕ್ಕುವ ದ್ರವಸಾಬೂನನ್ನು ಎರಡು ಚಮಚ ಹಾಕೆಂದು ಕೆಲಸದ ಹೆಣ್ಣುಮಗಳಿಗೆ ಅವರೇ ಹೇಳಿದ್ದರಂತೆ. ಉತ್ತರ ಅಲ್ಲಿಯೇ ಇತ್ತು. ಕೈಯಿಂದ ತಿಕ್ಕುವ ಸಾಬೂನು ನೊರೆ ಬರಲೆಂದೇ ಮಾಡಿದ್ದು. ಯಂತ್ರದ ಮಾರ್ಜಕ ನೊರೆ ಬಾರದಂತೆ ಮಾಡಿದ್ದು. ಒತ್ತಡದ ನೀರಿಗೆ ಸಿಕ್ಕ ಎರಡು ಚಮಚ ದ್ರವಸಾಬೂನು ಯಂತ್ರದ ಒಡಲನ್ನೆಲ್ಲ ನೊರೆಯಿಂದ ತುಂಬಿಬಿಡುತ್ತದೆ, ಮತ್ತು ನೀರನ್ನು ತಡೆಯುವ ರಬ್ಬರ್ ಪಟ್ಟಿ ನೊರೆಯನ್ನು ತಡೆಯಲಾರದು. ಪಂಪಿಗೆ ಏನೂ ಆಗಿರಲಿಲ್ಲ. ಬಾಗಿಲು ಹಾಕಿದವಳ ಕೈಯೂ ತಪ್ಪಿರಲಿಲ್ಲ. ಮುರಿದುಕೊಂಡ 500 ರೂಪಾಯಿಯನ್ನು ಆಕೆಗೆ ತಿರುಗಿ ಕೊಟ್ಟು, ಎಲ್ಲರ ಎದುರಿಗೆ ಕಾರಣವನ್ನೂ ಹೇಳಿದೆವೆಂದು ಆ ತಾಯಿ ಮುಂದಿನ ಪತ್ರದಲ್ಲಿ ಬರೆದರು. ದುಡ್ಡು ಕೊಟ್ಟದ್ದಕ್ಕಿಂತ ಕಾರಣ ಹೇಳಿದ್ದು ನಮಗೆ ಹೆಚ್ಚು ಹಿಡಿಸಿತು.

ಹೀಗೆ ನೊರೆ ತುಂಬಿದಾಗ ಯಂತ್ರವನ್ನು ನಿಲ್ಲಿಸಿ, ಬಾಗಿಲು ತೆರೆದು, ನೊರೆ ತಾನಾಗಿ ಇಳಿಯಲು ಬಿಡಬೇಕು. ಸ್ವಲ್ಪ ಉಪ್ಪು ಎರಚಿದರೆ ಬೇಗ ತಗ್ಗುತ್ತದೆ. ಆಮೇಲೆ ಸಾಬೂನೇ ಇಲ್ಲದೆ, ಬರಿಯ ನೀರಿನ ಜಾಲಿಸುವ ಸರದಿಯನ್ನು ನೊರೆ ಕಾಣದಾಗುವವರೆಗೆ ಎರಡು ಮೂರು ಬಾರಿ ನಡೆಸಬೇಕು. ಕೈಯಿಂದ ಸಾಬೂನು ಹಚ್ಚಿ ಅರೆಬರೆ ತೊಳೆದ ಪಾತ್ರೆಗಳನ್ನು ಯಂತ್ರದಲ್ಲಿಡುವ ಮನೆಗಳಲ್ಲಿಯೂ ಇದೇ ಗತಿ. ಎಂಜಲನ್ನು ಕೆರೆದು ಬಿಸಾಡಿದರೆ ಸಾಕು, ಮುಂಚಿತವಾಗಿ ಸಾಬೂನು ಹಚ್ಚಬೇಕಾಗಿಲ್ಲ. ಹೊಳಪಿಗಾಗಿ ಹಾಕುವ ದ್ರವ ಗೂಡಿನಿಂದ ಹೊರಚೆಲ್ಲಿದ್ದರೂ ನೊರೆಯಾಗುತ್ತದೆ. ಚೆಲ್ಲಿದ್ದನ್ನು ಆಗಲೇ ಒರೆಸಬೇಕು.

ತಣ್ಣನೆಯ ತಿಳಿನೀರು ಕಂಡವರು ಹಿಂದಕ್ಕೆ ಹೋಗಬೇಕು. ನಲ್ಲಿಗೂ ಒಳಕೊಳವೆಗೂ ನಡುವೆ ಒಂದು ರಬ್ಬರ್ ವಾಷರ್ ಇರುತ್ತದೆ. ನೀರನ್ನು ತಡೆಯುವುದು ಆ ವಾಷರೇ ಹೊರತು ತಿರುಪಿನ ಮರೆಗಳಲ್ಲ. ಆದುದರಿಂದ ಅಲ್ಲಿ ಬಿಳಿಯ ಟೇಪನ್ನು ಸುತ್ತಿ ಸುತ್ತಿ ಬಿಗಿಯುವ ಪ್ಲಂಬರುಗಳ ರೂಢಿ ಪ್ರಯೋಜನವಿಲ್ಲದ್ದು. ಮಿತಿಮೀರಿ ಬಿಗಿದರೆ ಪ್ಲಾಸ್ಟಿಕ್ಕಿನ ನಟ್ಟು ಸೀಳುತ್ತದೆ. ನಲ್ಲಿ ಮುಚ್ಚಿ, ನಟ್ಟು ಬಿಚ್ಚಿ, ವಾಷರ್ ಚಪ್ಪಟೆಯಾಗಿದೆಯೇ ಹರಿದಿದೆಯೇ ನೋಡಿ, ಕೆಟ್ಟಿದ್ದರೆ ಹೊಸದು ಹಾಕಿ, ಕೈಯಿಂದ ಬಿಗಿಮಾಡಿ, ಬೇಕಾದರೆ ಮಾತ್ರ ಇಕ್ಕಳದಿಂದ ತುಸು ತಿರುವಬೇಕು. ಕೆಲವು ಯಂತ್ರಗಳ ಒಳಕೊಳವೆಯ ತುದಿಯಲ್ಲಿ ದಪ್ಪನೆಯ ಪೆಟ್ಟಿಗೆಯಂಥದೊಂದು ಇರುತ್ತದೆ. ಅದರೊಳಗೆ ವಿದ್ಯುತ್ ಕವಾಟವಿರುವುದರಿಂದ ಅದನ್ನು ನೀರಿನಲ್ಲಿ ಮುಳುಗಿಸಬಾರದು, ಕೊಳವೆಯನ್ನು ಕತ್ತರಿಸಿ ಗಿಡ್ಡ ಮಾಡಲೂಬಾರದು. ಇನ್ನು ಯಂತ್ರದ ಕವಾಟವೇ ಪೂರ್ತಿ ಮುಚ್ಚದಿರಬಹುದು. ಯಂತ್ರವನ್ನು ಆರಿಸಿ, ಪ್ಲಗ್ಗು ಕಿತ್ತು, ನಲ್ಲಿಯನ್ನು ಮಾತ್ರ ತೆರೆದಿಟ್ಟು, ಬಾಗಿಲು ತೆಗೆದು ಅರ್ಧ ಗಂಟೆಯ ಮೇಲೆ ನೋಡಿದಾಗ ತಳದಲ್ಲಿ ನೀರು ಏರಿದ್ದರೆ ಕವಾಟ ಕೆಟ್ಟಿದೆಯೆಂದು ನಿಶ್ಚಯಿಸಬಹುದು. ಅದನ್ನು ಬದಲಿಸುವುದು ಬಲ್ಲವರ ಕೆಲಸ. ಅಲ್ಲಿಯವರೆಗೆ ನಲ್ಲಿಯನ್ನು ಮುಚ್ಚಿಯೇ ಇಡಬೇಕು.

ಸಣ್ಣ ಸೋರಿಕೆಯೆಂದು ಉಪೇಕ್ಷೆ ಬೇಡ. ಸೆಕೆಂಡಿಗೊಂದು ಹನಿಯಂತೆ ಬಿದ್ದರೆ ದಿನಕ್ಕೆ 86,400 ಹನಿಗಳು. 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ನಾಲ್ಕು ಲೀಟರಿಗೆ ಮೀರಿತು, ತಿಂಗಳಿಗೆ 130 ಲೀಟರ್ ಆಯಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಬಡಾವಣೆಗಳು ಕಾದು ಕುಳಿತುದನ್ನು ಕಂಡವರಿಗೆ ಆ ನೀರಿನ ಬೆಲೆ ಗೊತ್ತು. ಕೆಳಗಿನ ಅಂತಸ್ತಿನವರ ಛಾವಣಿಯಲ್ಲಿ ಕಲೆ ಮೂಡಿದ ಮೇಲೆ ಎಚ್ಚರಗೊಳ್ಳುವುದು ನೆರೆಹೊರೆಯ ಲಕ್ಷಣವೂ ಅಲ್ಲ.

ಹೊರಹೋಗುವ ಕೊಳವೆಯ ಶತ್ರು ಇಲಿ. ನೆಲಮಾಳಿಗೆಯ ಮನೆಗಳಲ್ಲಿ, ಕಾಳುಕಡಿ ಶೇಖರಿಸುವ ಮನೆಗಳಲ್ಲಿ ಇಲಿಗಳು ಜಿಡ್ಡಿನ ವಾಸನೆಗೆ ಬಂದು ಸುಕ್ಕುಸುಕ್ಕಾದ ಆ ಪ್ಲಾಸ್ಟಿಕ್ ಕೊಳವೆಯನ್ನು ಕಡಿಯುತ್ತವೆ. ಸುಕ್ಕುಗಳ ನಡುವೆ ತೂತು ಕಾಣದು. ಒಣಬಟ್ಟೆಯನ್ನು ಕೊಳವೆಯುದ್ದಕ್ಕೂ ಸುತ್ತಿ ನೀರು ಹೊರಹಾಕಿಸಿದರೆ ಬಟ್ಟೆ ಒದ್ದೆಯಾದಲ್ಲಿ ತೂತಿದೆ. ಇಲಿ ಕಡಿದ ಕೊಳವೆಗೆ ಟೇಪು ಸುತ್ತಿ ಸಮಾಧಾನ ಪಡುವುದಕ್ಕಿಂತ ಹೊಸದು ಹಾಕಿಸುವುದೇ ಮೇಲು. ಒಳಗಿನ ತಂತಿಗಳಿಗೂ ಹಲ್ಲು ತಾಗಿದೆಯೇ ಎಂದು ಅದೇ ಸಲ ನೋಡಿಸಬೇಕು. ಕೊಳವೆಯ ತುದಿಯನ್ನು ಹಾಗೆಯೇ ನೆಲದ ಮೋರಿಗೆ ಇಳಿಬಿಡುವ ಪದ್ಧತಿಯೂ ತಪ್ಪು. ಅದು ಮೊದಲು ಸಿಂಕಿನ ಎತ್ತರಕ್ಕೆ ಏರಿ ಆಮೇಲೆ ಇಳಿಯಬೇಕು. ಇಲ್ಲವಾದರೆ ಯಂತ್ರದ ನೀರು ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿ ಹರಿದುಹೋಗುತ್ತದೆ, ಮೋರಿ ಕಟ್ಟಿದಾಗ ಕೊಳಕು ಹಿಂದಕ್ಕೂ ಬರುತ್ತದೆ. ಸಿಂಕಿನ ಕೆಳಗಿನ ಕೊಳವೆಗೆ ಜೋಡಿಸಿದ್ದರೆ, ಸಿಂಕು ಕಟ್ಟಿಕೊಂಡ ದಿನ ನೀರು ಆ ಜೋಡಣೆಯಿಂದಲೇ ಉಕ್ಕೀತು. ಆಗ ದೋಷ ಸಿಂಕಿನದು, ಯಂತ್ರದ್ದಲ್ಲ.

ತಳದ ಜಾಲರಿಯನ್ನು ವಾರಕ್ಕೊಮ್ಮೆ ಬಿಡಿಸಿ ತೊಳೆಯದ ಮನೆಯಲ್ಲಿ ಕರಿಬೇವಿನ ದಂಟು, ನಿಂಬೆಯ ಬೀಜ, ಅಂಟಿದ ಜೋಳದ ಹಿಟ್ಟು ಸೇರಿ ನೀರು ಹೊರಹೋಗದೆ ನಿಲ್ಲುತ್ತದೆ. ನೀರಿನ ಮಟ್ಟವನ್ನು ಅಳೆಯುವ ಅಂಗವೂ ಕೊಳೆ ಹಿಡಿದರೆ ಯಂತ್ರಕ್ಕೆ ಹೊಟ್ಟೆ ತುಂಬಿದ್ದೇ ತಿಳಿಯದು. ಹೆಚ್ಚು ಹೇಳಬೇಕಾದುದಿಲ್ಲ, ಜಾಲರಿಯನ್ನು ತೊಳೆದು, ಅದರ ಬೀಗ ಕಚ್ಚಿಕೊಳ್ಳುವಂತೆ ಪುನಃ ಕೂರಿಸಬೇಕು. ನೀರನ್ನು ಮೆದುಗೊಳಿಸುವ ಉಪ್ಪಿನ ಗೂಡುಳ್ಳ ಯಂತ್ರಗಳಲ್ಲಿ ಆ ಗೂಡಿನ ಮುಚ್ಚಳವನ್ನು ನೋಡುವುದನ್ನು ಮರೆಯಬಾರದು. ಮುಚ್ಚಳ ಸಡಿಲವಾದರೆ ಉಪ್ಪುನೀರು ಒಡಲಿಗೆ ಬಂದು ಉಕ್ಕನ್ನೂ ತಿನ್ನುತ್ತದೆ. ಅಡುಗೆಯ ಪುಡಿ ಉಪ್ಪನ್ನು ಆ ಗೂಡಿಗೆ ಹಾಕಬಾರದು. ಯಂತ್ರಕ್ಕೆಂದೇ ಮಾರುವ ಹರಳುಪ್ಪನ್ನು ಹಾಕಿ, ಕೂಡಲೇ ಒಂದು ಸರದಿ ನಡೆಸಬೇಕು.

ಇಷ್ಟೆಲ್ಲ ನೋಡಿದ ಮೇಲೂ ತಳದ ನಡುವಿನಿಂದ, ಯಂತ್ರ ತೊಳೆಯುತ್ತಿರುವಾಗ, ಜಿಡ್ಡಿನ ನೀರು ಬರುತ್ತಿದ್ದರೆ ಅದು ಪಂಪಿನ ಮುದ್ರೆಯೋ ತಳದ ಜೋಡಣೆಯೋ ಇರಬೇಕು. ಅನೇಕ ಯಂತ್ರಗಳ ಅಡಿಯಲ್ಲಿ ತಟ್ಟೆಯೊಂದು ಇದ್ದು, ಅದರಲ್ಲಿ ನೀರು ಸೇರಿದಾಗ ಒಂದು ತೇಲುಬೆಂಡು ಮೇಲೆದ್ದು ಯಂತ್ರವನ್ನು ನಿಲ್ಲಿಸಿಬಿಡುತ್ತದೆ. ಬಾಷ್ ಮತ್ತು ಸೀಮೆನ್ಸ್ ಯಂತ್ರಗಳ ಫಲಕದಲ್ಲಿ ಆಗ ‘ಇ15’ ಎಂಬ ಸಂಕೇತ ಕಾಣುತ್ತದೆ. ಯಂತ್ರವನ್ನು ಹಿಂದಕ್ಕೆ ಮುಂದಕ್ಕೆ ಓಲಾಡಿಸಿ ಆ ನೀರನ್ನು ಚೆಲ್ಲಿದರೆ ಸಂಕೇತ ಹೋಗುತ್ತದೆಂದು ಹೇಳುವವರಿದ್ದಾರೆ. ಹೋಗುವುದು ನಿಜ, ಸೋರಿಕೆ ಹೋಗುವುದಿಲ್ಲ, ಮತ್ತು ಅಷ್ಟು ಭಾರದ ಯಂತ್ರ ಒಬ್ಬರ ಕೈಮೀರಿ ಮೈಮೇಲೆ ಬಿದ್ದೀತು. ಇಲ್ಲಿಗೆ ಮನೆಯವರ ಕೆಲಸ ನಿಂತಿತು. ಬದಿಯ ತಗಡುಗಳನ್ನು ಬಿಚ್ಚುವ ಸಾಹಸಕ್ಕೆ ಇಳಿಯಬಾರದು. ಗ್ಯಾರಂಟಿಯ ಅವಧಿಯಿದ್ದರೆ ಅದೂ ಕೈತಪ್ಪೀತು.

ದುರಸ್ತಿಗೆ ಬಂದವರಿಗೆ ‘ಸೋರುತ್ತದೆ, ನೋಡಿ’ ಎಂದಷ್ಟೇ ಹೇಳದೆ, ಯಾವಾಗ, ಎಂಥ ನೀರು, ಯಾವ ಹಾಳೆ ಮೊದಲು ಒದ್ದೆಯಾಯಿತು ಎಂಬುದನ್ನು ಬರೆದಿಟ್ಟು ತೋರಿಸಬೇಕು. ಇಷ್ಟು ಬಲ್ಲ ಮನೆಯವರ ಮುಂದೆ ಪಂಪು ಬದಲಿಸಬೇಕೆಂದು ಸುಮ್ಮನೆ ಹೇಳಲು ಯಾರೂ ಹಿಂಜರಿಯುತ್ತಾರೆ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಬೇಕು, ರಶೀದಿಯಲ್ಲಿ ಭಾಗದ ಹೆಸರನ್ನು ಬರೆಸಬೇಕು. ಅವರು ಹೊರಟುಹೋಗುವ ಮೊದಲೇ ಅವರೆದುರಿಗೆ ಒಂದು ಚಿಕ್ಕ ಸರದಿಯನ್ನು ಪೂರ್ತಿ ನಡೆಸಿ ನೋಡಬೇಕು. ಆಮೇಲೆ ಮೂರು ದಿನ ಹಾಳೆಗಳನ್ನು ಹಾಸಿದಲ್ಲಿಯೇ ಬಿಟ್ಟು, ರಾತ್ರಿ ಯಂತ್ರ ಹಚ್ಚಿ ಮಲಗುವ ರೂಢಿಯನ್ನು ಆ ಮೂರು ದಿನ ನಿಲ್ಲಿಸಬೇಕು. ಹಾಳೆಗಳು ಒಣಗಿಯೇ ಇದ್ದರೆ, ಹಿಂದಿನ ಕೊಳವೆಗಳು ಮಡಿಸಿಕೊಳ್ಳದಂತೆ ನೋಡಿಕೊಂಡು ಯಂತ್ರವನ್ನು ಮೆಲ್ಲಗೆ ಅದರ ಜಾಗಕ್ಕೆ ಸರಿಸಬಹುದು.